ಪೀಠಿಕೆ ತೀರ್ಥಪ್ಪನ ಮಗಳು

ನಮ್ಮ ಅಜ್ಜಂಪುರದಲ್ಲಿ ಆಗ ತೀರ್ಥಪ್ಪಂದಿರಿಗೆ ಬರವಿರಲಿಲ್ಲ. ಯಾವ ಓಣಿಯಲ್ಲಿ ನಿಂತು ಆ ಹೆಸರು ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಿದ್ದರು. ಹಾಗಾಗಿ ಊರಿನವರು ಒಬ್ಬೊಬ್ಬರ ಹೆಸರಿಗೂ ಒಂದು ಗುರುತು ಅಂಟಿಸಿದ್ದರು. ಗಿರಣಿ ತೀರ್ಥಪ್ಪ, ಈರುಳ್ಳಿ ತೀರ್ಥಪ್ಪ, ರೈಲ್ವೆ ಗೇಟಿನ ತೀರ್ಥಪ್ಪ. ನಮ್ಮಪ್ಪ ಪೀಠಿಕೆ ತೀರ್ಥಪ್ಪ. ಸಂತೆಬೀದಿಯಲ್ಲಿ ಅವನದೊಂದು ಹಗ್ಗದ ಅಂಗಡಿ ಇತ್ತು. ಮೂಗುದಾರ, ಮಿಣಿ, ಎತ್ತಿನ ಕೊರಳಿಗೆ ಕಟ್ಟುವ ಗಂಟೆ ಎಲ್ಲ ಅಲ್ಲಿ ಸಿಗುತ್ತಿತ್ತು. ಆದರೂ ಅವನನ್ನು ಯಾರೂ ಹಗ್ಗದ ತೀರ್ಥಪ್ಪ ಅಂತ ಕರೆಯಲಿಲ್ಲ. ಅವನು ಮಾತಿನಲ್ಲಿ ಹೊಸೆಯುವ ಹಗ್ಗದ ಮುಂದೆ ಅಂಗಡಿಯ ಹಗ್ಗ ಏನೇನೂ ಅಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು.

ಊರಲ್ಲಿ ಯಾವ ಸಮಾರಂಭ ನಡೆದರೂ ಪ್ರಾಸ್ತಾವಿಕ ಭಾಷಣ ಅಪ್ಪನದೇ. ರಾಜ್ಯೋತ್ಸವವಾಗಲಿ, ಮಠದ ಕಾರ್ಯಕ್ರಮವಾಗಲಿ, ಪೋಸ್ಟ್ ಮಾಸ್ಟರಿಗೆ ಬೀಳ್ಕೊಡುಗೆಯಾಗಲಿ, ಮೊದಲು ಅಪ್ಪ ಎದ್ದು ನಿಲ್ಲಬೇಕು. ಒಂದು ಸಲ ಚೌಳಹಿರಿಯೂರಿನಲ್ಲಿ ಕುಡಿಯುವ ನೀರಿನ ಪಂಪು ಶುರು ಮಾಡುವ ದಿನ ಅವನನ್ನು ಕರೆಸಿದ್ದರು. ನಾಲ್ಕು ಮಾತಾಡಿ ಅಂದರೆ ಅಪ್ಪ ಲೋಕದಲ್ಲಿ ನೀರು ಹುಟ್ಟಿದ ಕಾಲದಿಂದ ಹಿಡಿದ. ಅಲ್ಲಿಂದ ಮೋಡಕ್ಕೆ ಹೋದ, ಮೋಡದಿಂದ ಹೆಬ್ಬೆ ಅಬ್ಬಿಗೆ ಇಳಿದ, ಅಲ್ಲಿಂದ ಎಮ್ಮೆದೊಡ್ಡಿ ಕಾವಲಿಗೆ ಬಂದು, ಅಮೃತಮಹಲ್ ದನಗಳು ನೀರಿನ ವಾಸನೆ ಹಿಡಿದು ಹೋಗುವ ಬಗೆಯನ್ನು ವರ್ಣಿಸುತ್ತ ನಿಂತ. ಪಂಪು ಇನ್ನೂ ಬಹಳ ದೂರದಲ್ಲಿತ್ತು. ಗುಂಡಿ ಒತ್ತಲು ಬಂದಿದ್ದ ಅಧಿಕಾರಿ ಹಾರ ಹಾಕಿಕೊಂಡೇ ನಿದ್ದೆ ಹೋಗಿದ್ದರು. ಮೈಕ್‌ಸೆಟ್ಟಿನ ಮಹಬೂಬ್ ಸಾಬರು ಅಪ್ಪನ ಚಡ್ಡಿ ಕಾಲದ ಗೆಳೆಯರು. ಅವರು ಆಂಪ್ಲಿಫೈಯರ್ ಮುಂದೆ ಕೂತು ಸದ್ದನ್ನು ಚೂರು ಚೂರೇ ತಗ್ಗಿಸುತ್ತ ಬಂದರು. ಕೊನೆಗೆ ಅಪ್ಪನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಕೆಳಗಿಳಿದು ಬಂದವನೇ, "ಜನ ಹೆಂಗೆ ಕೇಳಿದ್ರು ನೋಡ್ದೇನೋ ಮಹಬೂಬೂ, ಒಬ್ರೂ ಪಿಟಕ್ ಅನ್ಲಿಲ್ಲ" ಅಂದನಂತೆ.

ಈ ಕಥೆಯನ್ನು ಮಹಬೂಬ್ ಮಾಮನೇ ನಮ್ಮ ಮನೆಗೆ ಬಂದು ಹೇಳಿ, ಅಮ್ಮನನ್ನೂ ನನ್ನನ್ನೂ ಹೊಟ್ಟೆ ಹಿಡಿದು ನಗಿಸಿದ್ದರು. ಅಪ್ಪ ಕೂಡ ನಕ್ಕ. ಅವನಿಗೆ ಬೇಜಾರು ಅನ್ನುವುದೇ ಆಗುತ್ತಿರಲಿಲ್ಲ. ಬೇಜಾರು, ರೇಗಾಟ ಎಲ್ಲ ನನ್ನ ಪಾಲಿಗೆ ಬಂದಿತ್ತು.

ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ನಾನು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದೆ. ಕ್ಲಾಸಿನಲ್ಲಿ ಹುಡುಗಿಯರು ಅಪ್ಪನ ಹೆಸರು ಹಿಡಿದು ಆಡಿಕೊಂಡಿದ್ದರು. "ಪೀಠಿಕೆ, ಪೀಠಿಕೆ! ಏನಪ್ಪಾ ಹಂಗಂದ್ರೆ? ಯಾಕಾದ್ರೂ ಬೇಕು ಅದು?" ಅಂತ ಕೇಳಿದೆ. ಬೈಸಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಅಪ್ಪನಿಗೆ ಖುಷಿಯಾಗಿಬಿಟ್ಟಿತು. ಕೈ ಹಿಡಿದು ದೇವರ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ನಮ್ಮ ತಾತನ ಕಾಲದ ಪುಟ್ಟ ಕಲ್ಲಿನ ಲಿಂಗ ತನ್ನ ಪೀಠದ ಮೇಲೆ ಕೂತಿತ್ತು.

"ನೋಡು, ಕೆಳಗಿರೋದು ಪೀಠ. ಪೀಠ ಅಂದ್ರೆ ಕೂರೋ ಜಾಗ. ಮಠದಲ್ಲಿ ಸ್ವಾಮಿಗಳು ಕೂರೋದೂ ಪೀಠಾನೇ. ಚಿಕ್ಕ ಪೀಠಕ್ಕೆ ಪೀಠಿಕೆ ಅಂತಾರೆ. ಲಿಂಗನ ಬರೀ ನೆಲದ ಮೇಲೆ ಇಡ್ತೀವೇನೇ? ಇಲ್ಲ. ಮಾತೂ ಹಂಗೇ ಕಣೇ. ದೊಡ್ಡ ಮಾತು ಮನೆಗೆ ಬತ್ತದೆ ಅಂದ್ರೆ ಮೊದ್ಲು ಅದು ಕೂರೋಕೊಂದು ಜಾಗ ಮಾಡ್ಬೇಕು. ಇಲ್ದಿದ್ರೆ ಪಾಪ, ಬಾಗ್ಲಲ್ಲೇ ನಿಂತ್ಕತ್ತದೆ."

"ಮುನ್ನುಡಿ ಅಂತ ಇನ್ನೊಂದದ್ಯಲ್ಲ?"

"ಅದು ಪುಸ್ತಕದೋರ್ದು, ಮುಂದುಗಡೆ ಬರೋ ನುಡಿ ಅಷ್ಟೇಯ. ಪ್ರಸ್ತಾವನೆ ನಾಟಕದೋರ್ದು, ಸೂತ್ರಧಾರ ಬಂದು ಆಟ ಶುರು ಮಾಡೋದು. ಉಪೋದ್ಘಾತ ಅಂತಾನೂ ಒಂದದೆ. ಅದರೊಳಗೆ ಘಾತ ಅಂತ ಅದೆ ನೋಡು, ಹೊಡೆಯೋದು. ನಂಗೆ ಹೊಡೆಯೋದು ಬ್ಯಾಡ, ಕೂರಿಸೋದೇ ಇಷ್ಟ."

ಚಿಕ್ಕಂದಿನಲ್ಲಿ ಅಪ್ಪ ಮಠದ ಪಾಠಶಾಲೆಯಲ್ಲಿ ಒಂದಷ್ಟು ದಿನ ಸಂಸ್ಕೃತ ಕಲಿತಿದ್ದ. ಅದರಲ್ಲಿ ಅವನ ತಲೆಯಲ್ಲಿ ಉಳಿದದ್ದೆಲ್ಲ ಇದೇ ಇರಬೇಕು. ನಾನು ಸುಮ್ಮನಾಗುವ ಪೈಕಿಯಲ್ಲ. "ಪೀಠ ಆಯ್ತು, ಆಮೇಲೆ ಲಿಂಗಾನೂ ತಂದಿಡ್ಬೇಕಲ್ಲಪ್ಪಾ. ನೀನು ಬರೀ ಪೀಠ ಉಜ್ಜುತಾ ಕೂರ್ತೀಯ" ಅಂದೆ. ಅಡುಗೆಮನೆಯಲ್ಲಿ ಅಮ್ಮ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಇಂಥವನ ಮಗಳಾದ ನಾನು ಸೇರಿಕೊಂಡ ಕೆಲಸವೋ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಎಪ್ಪತ್ತೆಂಟರಲ್ಲಿ ಮೊದಲು ತರೀಕೆರೆಯಲ್ಲಿದ್ದೆ, ಆಮೇಲೆ ನಮ್ಮೂರಿಗೇ ಹಾಕಿಸಿಕೊಂಡೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಪರ ಊರಿಗೆ ಫೋನ್ ಮಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನು ಸಿಕ್ಕಾಗ ನಾವು ಬೋರ್ಡಿಗೆ ವೈರು ಚುಚ್ಚಿ ಇಬ್ಬರನ್ನೂ ಸೇರಿಸುತ್ತಿದ್ದೆವು. ಮೂರು ನಿಮಿಷ ಆದ ಕೂಡಲೇ ನಡುವೆ ಬಾಯಿ ಹಾಕಿ, "ತ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್ ಮಾಡ್ಬೇಕಾ?" ಅಂತ ಕೇಳಬೇಕು. ಬೇಡ ಅಂದರೆ ವೈರು ಕೀಳಬೇಕು. ಜನ ಆ ಹೊತ್ತಿನಲ್ಲಿ "ಹಲೋ, ಹಲೋ, ಕೇಳಿಸ್ತಾ, ಊಟ ಆಯ್ತಾ, ಮಳೆ ಆಯ್ತಾ" ಅಂತ ಅಷ್ಟನ್ನೂ ಕಳೆದುಬಿಟ್ಟು, ಕೊನೆಗೆ ಹೆರಿಗೆಯ ಸುದ್ದಿಯನ್ನೋ ಸಾವಿನ ಸುದ್ದಿಯನ್ನೋ ಒಂದೇ ಉಸಿರಿಗೆ ಕಿರುಚುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಪುಣ್ಯಕ್ಕೆ ಊರೆಲ್ಲ ನಮ್ಮಪ್ಪನಂಥವರೇ ತುಂಬಿಕೊಂಡಿದ್ದಾರಲ್ಲ ಅನ್ನಿಸುತ್ತಿತ್ತು.

ಎಂಬತ್ತೊಂದರ ಬೇಸಿಗೆಯಲ್ಲಿ ಎಕ್ಸ್‌ಚೇಂಜಿನ ಜನರೇಟರ್ ಕೆಟ್ಟು ನಿಂತಿತು. ಕಡೂರಿನಿಂದ ರಿಪೇರಿಗೆ ಒಬ್ಬ ಬಂದ. ಹೆಸರು ಬಸವರಾಜಪ್ಪ. ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಬಂದ, ಮೆಷಿನ್ ಬಿಚ್ಚಿದ, ಮಧ್ಯಾಹ್ನದವರೆಗೆ ಅದರೊಳಗೇ ತಲೆ ಹಾಕಿಕೊಂಡಿದ್ದ, ಮತ್ತೆ ಜೋಡಿಸಿ ಶುರು ಮಾಡಿದ. ಕೈ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದು, "ಇನ್ನು ನಿಲ್ಲಲ್ಲ. ನಿಂತ್ರೆ ಹೇಳಿ ಕಳ್ಸಿ" ಅಂದ. ಅಷ್ಟೇ. ಇಷ್ಟು ಚೊಕ್ಕವಾಗಿ ಮಾತಾಡುವ ಗಂಡಸನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜನರೇಟರ್ ಮತ್ತೆ ನಿಲ್ಲಲಿ ದೇವರೇ ಅಂತ ಬೇಡಿಕೊಂಡೆ. ಅದು ನಿಲ್ಲಲಿಲ್ಲ. ಆದರೆ ಅವನೇ ಎರಡು ಸಲ, ಸರಿಯಾಗಿ ಓಡುತ್ತಿದೆಯಾ ನೋಡಲು ಬಂದೆ ಅಂತ ಹೇಳಿಕೊಂಡು ಬಂದ. ಆಮೇಲೆ ಅವನ ತಾಯಿ ಮಲ್ಲಿಕಾಂಬ ನಮ್ಮ ಮನೆಗೆ ಹೇಳಿ ಕಳಿಸಿದರು: ಬರುವ ಸೋಮವಾರ ಹೆಣ್ಣು ಕೇಳುವುದಕ್ಕೆ ಬರುತ್ತೇವೆ.

ಅಪ್ಪ ಅಮ್ಮನ ಎದುರಿಗೆ ನಾನು ಎರಡೇ ಮಾತು ಹೇಳಿದೆ. "ನಂಗೆ ಒಪ್ಪಿಗೆ ಅದೆ. ಆದ್ರೆ ಕೆಲಸ ಬಿಡಿಸ್ಬಾರ್ದು. ಅವರು ಬಂದಾಗ ಇವೆರಡನ್ನೂ ಹೇಳ್ಬಿಡಪ್ಪಾ, ಅಷ್ಟು ಸಾಕು." ಅಪ್ಪ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ, "ಆಯ್ತು ಕಣೇ ಪಂಕಜಾ, ಹೇಳ್ತೀನಿ" ಅಂದ.

ನಮ್ಮ ಕಡೆಯ ಒಂದು ಪದ್ಧತಿ ಇಲ್ಲಿ ತಿಳಿದಿರಬೇಕು. ಹೆಣ್ಣು ಕೇಳಲು ಬಂದವರಿಗೆ ಯಾರೂ ಮುಖಕ್ಕೆ ಹೊಡೆದ ಹಾಗೆ ಕೊಡುವುದಿಲ್ಲ ಅನ್ನುತ್ತಿರಲಿಲ್ಲ. ಮನಸ್ಸಿದ್ದರೆ ಮನೆಯ ಯಜಮಾನ ವಿಷಯ ಎತ್ತಿ ಒಪ್ಪಿಗೆ ಹೇಳುತ್ತಾನೆ, ಕೂಡಲೇ ಒಳಗಿನಿಂದ ಸಕ್ಕರೆ ತಟ್ಟೆ ಬರುತ್ತದೆ, ಎಲ್ಲರ ಬಾಯಿಗೂ ಸಕ್ಕರೆ ಬೀಳುತ್ತದೆ. ಮನಸ್ಸಿಲ್ಲದಿದ್ದರೆ ಮಳೆ ಬೆಳೆ ಮಾತಾಡುತ್ತಾರೆ, ಉಪ್ಪಿಟ್ಟು ಕಾಫಿ ಕೊಡುತ್ತಾರೆ, ರೈಲಿನ ಹೊತ್ತಾಗುವವರೆಗೂ ಬೇರೆ ಬೇರೆ ಮಾತಾಡಿ ಎಲೆ ಅಡಿಕೆ ಕೊಟ್ಟು ಕಳಿಸುತ್ತಾರೆ. ಸಕ್ಕರೆ ಇಲ್ಲದೆ ಎಲೆ ಅಡಿಕೆ ಬಂತೆಂದರೆ ಬಂದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಯಾರ ಮಾನವೂ ಹೋಗುವುದಿಲ್ಲ, ಯಾರಿಗೂ ನೋವಾಗುವುದಿಲ್ಲ.

ಸೋಮವಾರ ಮಧ್ಯಾಹ್ನ ಮಲ್ಲಿಕಾಂಬ, ಬಸವರಾಜಪ್ಪ ಮತ್ತು ಅವನ ಸೋದರಮಾವ ಬಂದರು. ಮಲ್ಲಿಕಾಂಬ ಗಟ್ಟಿ ದನಿಯ, ನೆಟ್ಟಗೆ ನೋಡುವ ಹೆಂಗಸು. ನಾನು ಅಡುಗೆಮನೆಯ ಬಾಗಿಲ ಸಂದಿನಲ್ಲಿದ್ದೆ. ನನ್ನ ಪಕ್ಕದಲ್ಲಿ ಅಮ್ಮ ಸಕ್ಕರೆ ತಟ್ಟೆ ಹಿಡಿದು ನಿಂತಿದ್ದಳು.

ಅಪ್ಪ ಶುರು ಮಾಡಿದ. ರೈಲಿನಲ್ಲಿ ಜಾಗ ಸಿಕ್ಕಿತೇ ಅಂತ ಕೇಳಿದವನು, ನಮ್ಮೂರಿಗೆ ರೈಲು ಬಂದ ಕಥೆಗೆ ಹೋದ. ಅಲ್ಲಿಂದ ಕಡೂರಿನ ತೆಂಗಿಗೆ ಬಂದ, ತೆಂಗಿನಿಂದ ನಾರು, ನಾರಿನಿಂದ ಹಗ್ಗ, ಹಗ್ಗದಿಂದ ಅಂಗಡಿ. ಅಂಗಡಿಗೆ ಬಂದಾಗ ನನಗೆ ಸ್ವಲ್ಪ ಧೈರ್ಯ ಬಂತು, ಮನೆ ಹತ್ತಿರವಾಯಿತಲ್ಲ ಅಂತ. ನಿಜವಾಗಿಯೂ ಅಪ್ಪ ನನ್ನ ಹತ್ತಿರಕ್ಕೇ ಬಂದ. ಆದರೆ ನಾನು ಹುಟ್ಟಿದ ದಿನಕ್ಕೆ ಬಂದ. ತೊಟ್ಟಿಲಿಗೆ ತಾನೇ ಹಗ್ಗ ಹೊಸೆದದ್ದು, ನಾನು ಮಾತು ಕಲಿತದ್ದು, ಮೊದಲ ಹಲ್ಲು ಬಿದ್ದದ್ದು. ಅಮ್ಮ ಎರಡು ಸಲ ಕೆಮ್ಮಿದಳು, ಬಳೆ ಸದ್ದು ಮಾಡಿದಳು. ಮಲ್ಲಿಕಾಂಬ ಆಗಾಗ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ನಾನು ಒಳಗಿನಿಂದಲೇ ವೈರು ಕೀಳುವ ಹಾಗೆ ಕೈ ಆಡಿಸಿದೆ. ಅಪ್ಪನಿಗೆ ಯಾವುದೂ ಕಾಣಲಿಲ್ಲ.

"ಮಗು ನಾಲ್ಕು ವರ್ಷದ್ದಿರ್ಬೇಕು. ಸಂತೆ ದಿನ. ತಿರುಗಿ ನೋಡ್ತೀನಿ, ಅಂಗಡೀಲಿ ಮಗು ಇಲ್ಲ! ಜೀವ ಬಾಯಿಗೆ ಬಂದ್ಬಿಡ್ತು ತಾಯಿ. ಸಂತೆಯೆಲ್ಲ ಹುಡುಕ್ದೆ, ಕೆರೆ ಏರಿ ಮೇಲೆ ಓಡ್ದೆ, ಮಹಬೂಬು ಮೈಕಲ್ಲಿ ಕೂಗ್ದ..."

ಅಷ್ಟರಲ್ಲಿ ಸೋದರಮಾವ ಗಡಿಯಾರ ನೋಡಿ, "ರೈಲಿಗೆ ಹೊತ್ತಾಯ್ತು" ಅಂತ ಎದ್ದರು. ಅಪ್ಪ ಗಾಬರಿಯಾಗಿ, "ಅಯ್ಯೋ, ಬರಿಗೈಲಿ ಹೋಗ್ಬಾರ್ದು. ಏ ಕಾಮಾಕ್ಷಿ, ಎಲೆ ಅಡಿಕೆ ತಗಂಬಾರೇ" ಅಂದ. ಯಜಮಾನ ಬಾಯಿ ಬಿಟ್ಟು ಎಲೆ ಅಡಿಕೆ ಅಂದ ಮೇಲೆ ಅಮ್ಮ ಸಕ್ಕರೆ ಹೇಗೆ ತರುತ್ತಾಳೆ? ಅವಳ ಕಣ್ಣು ತುಂಬಿಕೊಂಡಿತ್ತು. ತಟ್ಟೆ ಕೆಳಗಿಟ್ಟು ಎಲೆ ಅಡಿಕೆ ಜೋಡಿಸಿದಳು. ಬಸವರಾಜಪ್ಪ ಹೊಸಿಲು ದಾಟುವಾಗ ಒಂದು ಸಲ ಹಿಂದಿರುಗಿ ನೋಡಿದ. ಮಾತಾಡಲಿಲ್ಲ. ಆ ಗಳಿಗೆಯಲ್ಲಿ ಮಾತ್ರ ನನಗೆ ಅವನ ಮೌನ ಇಷ್ಟವಾಗಲಿಲ್ಲ.

ಅವರು ಹೋದ ಮೇಲೆ ನಾನು ಮನೆಯನ್ನು ತಲೆ ಮೇಲೆ ಹೊತ್ತುಕೊಂಡೆ. ಅಪ್ಪ ಶಾಂತವಾಗಿ, "ಮೊದಲನೇ ದಿನಾನೇ ವಿಷಯ ಎತ್ತಿದ್ರೆ ಹೆಣ್ಣನ್ನ ದಾಟಿಸೋಕೆ ಕಾಯ್ತಿದ್ರು ಅಂತ ಅಂದ್ಕಳಲ್ವೇನೇ? ಇವತ್ತು ಪೀಠ ಹಾಕಿವ್ನಿ. ಇನ್ನೊಂದ್ಸಲ ಬತ್ತಾರೆ ಬಿಡು" ಅಂದ.

ಅವರು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಅಪ್ಪ ದಿನಾ ರೈಲಿನ ಹೊತ್ತಿಗೆ ಅಂಗಡಿಯಿಂದ ಮನೆಗೆ ಬಂದು ಜಗುಲಿಯ ಮೇಲೆ ಕೂರುತ್ತಿದ್ದ. ನಾನು ಅವನ ಹತ್ತಿರ ಮಾತು ಬಿಟ್ಟಿದ್ದೆ. ಬೋರ್ಡಿನ ಮುಂದೆ ಕೂತಾಗ ಯಾರಾದರೂ ಕಡೂರಿನ ನಂಬರ್ ಕೇಳಿದರೆ ಅಲ್ಲಿ ಯಾರಿಗೆ ಅಂತ ಎರಡೆರಡು ಸಲ ಕೇಳುತ್ತಿದ್ದೆ. ಬಸವರಾಜಪ್ಪನ ಅಂಗಡಿಯಲ್ಲಿ ಫೋನ್ ಇರಲಿಲ್ಲ. ಇದ್ದಿದ್ದರೂ ನಾನೇ ಮಾಡಿ ಏನಂತ ಹೇಳುವುದು?

ಒಂದು ಶನಿವಾರ ಸಂಜೆ ಮಹಬೂಬ್ ಮಾಮ ಸೈಕಲ್ಲನ್ನು ಗೋಡೆಗೆ ಒರಗಿಸಿದವರೇ ಚಪ್ಪಲಿಯನ್ನೂ ಬಿಡದೆ ಹೇಳಿದರು: "ತೀರ್ಥಣ್ಣಾ, ಕಡೂರಿನೋರು ನೀನು ಹೆಣ್ಣು ಕೊಡಲ್ಲ ಅಂದ್ಬಿಟ್ಟೆ ಅಂದ್ಕಂಡವ್ರೆ. ಇವತ್ತು ಕಡೂರಲ್ಲಿ ಶಾಮಿಯಾನ ಹಾಕಕ್ಕೆ ಹೋಗಿದ್ದೆ, ಆ ಹುಡ್ಗನ ಮಾವನೇ ಸಿಕ್ಕಿ ಅಂದ. ಸೋಮವಾರ ಚೌಳಹಿರಿಯೂರಿಗೆ ಬೇರೆ ಹೆಣ್ಣು ನೋಡಕ್ಕೆ ಹೋಗ್ತಾವ್ರೆ."

ಅಪ್ಪ ನಿಂತಲ್ಲೇ ನಿಂತ. "ನಾನೆಲ್ಲಿ ಇಲ್ಲ ಅಂದೆ?" ಅಂದ.

"ಹೂಂ ಅಂತಾನೂ ಅನ್ಲಿಲ್ವಲ್ಲ! ರೈಲು ಬರೋಗಂಟ ಮಾತಾಡ್ದೆ, ಎಲೆ ಅಡಿಕೆ ಕೊಟ್ಟೆ. ಅರೆ, ಅದಕ್ಕಿಂತ ಇನ್ನೇನು ಬೇಕು ಅವರಿಗೆ? ಮರ್ಯಾದಸ್ತರು, ತಿಳ್ಕಂಡು ಎದ್ದೋದ್ರು."

ಇಡೀ ಜೀವನದಲ್ಲಿ ಅಪ್ಪನ ಬಾಯಿಂದ ಮಾತೇ ಹೊರಡದ್ದನ್ನು ನಾನು ಕಂಡದ್ದು ಅದೇ ಮೊದಲು. ಜಗುಲಿಯ ಕಂಬ ಹಿಡಿದುಕೊಂಡು ನನ್ನ ಕಡೆ ನೋಡಿದ. ಅವನ ಮೇಲೆ ಕೂಗಾಡಬೇಕು ಅಂತ ಎದ್ದವಳಿಗೆ ಆ ಮುಖ ಕಂಡು ಕೂಗಲು ಆಗಲಿಲ್ಲ.

"ನಾಳೆ ಬೆಳಗಿನ ರೈಲಿಗೆ ಹೋಗೋಣ. ನಾನೂ ಬತ್ತೀನಿ" ಅಂದೆ.

ಅಮ್ಮ ಹೌಹಾರಿದಳು. ಹೆಣ್ಣಿನ ಕಡೆಯವರು ತಾವಾಗಿ ಹೋಗುವುದೇ ಹೆಚ್ಚು, ಹುಡುಗಿಯೇ ಗಂಡಿನ ಮನೆ ಬಾಗಿಲಿಗೆ ಹೋದರೆ ಊರು ಏನಂದೀತು? ಮಹಬೂಬ್ ಮಾಮ ಅದಕ್ಕೂ ದಾರಿ ಹುಡುಕಿದರು. "ನನ್ನ ಆಂಪ್ಲಿಫೈಯರ್ ಕೆಟ್ಟದೆ ತಂಗಿ. ಆ ಹುಡ್ಗನ ಅಂಗಡಿಗೆ ತಗಂಡೋಗ್ತೀನಿ. ಪಂಕಜ ನನ್ ಜೊತೆ ಅಂಗಡೀಲಿ ನಿಂತಿರ್ತಾಳೆ. ಮನೆಯೊಳಕ್ಕೆ ತೀರ್ಥಣ್ಣ ಒಬ್ನೇ ಹೋಗ್ಲಿ." ಅಮ್ಮ ಒಪ್ಪಿದಳು. ಬೆಳಗ್ಗೆ ನಾವು ಹೊರಟಾಗ ಸಕ್ಕರೆಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಅಪ್ಪನ ಜುಬ್ಬದ ಜೇಬಿಗೆ ಹಾಕಿದಳು.

ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಮಹಬೂಬ್ ಮಾಮ ಎದುರು ಸೀಟಿನಲ್ಲಿ ಆಂಪ್ಲಿಫೈಯರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತೂಕಡಿಸುತ್ತಿದ್ದರು. ಊರು ದಾಟಿ ಎಷ್ಟೋ ಹೊತ್ತಾದರೂ ಅಪ್ಪ ತುಟಿ ಬಿಚ್ಚಲಿಲ್ಲ. ಬೀರೂರಿನಲ್ಲಿ ರೈಲು ನಿಂತಾಗ ನಾನೇ ಸೋತು ಕೇಳಿದೆ.

"ಎರಡೇ ಮಾತು ಅಲ್ವೇನಪ್ಪಾ ನಾನು ಹೇಳಿದ್ದು? ಅವತ್ತು ಯಾಕೆ ಅಷ್ಟು ಎಳೆದೆ?"

ಅಪ್ಪ ಹೊರಗೇ ನೋಡುತ್ತ ಹೇಳಿದ: "ಬೇರೆಯೋರ ಮನೆ ವಿಷಯ ಆದ್ರೆ ಎಲ್ಲಿಗೆ ನಿಲ್ಲಿಸ್ಬೇಕು ಅಂತ ಗೊತ್ತಾಗ್ತಿತ್ತು ಕಣೇ. ಹೇಳ್ಬೇಕು ಅಂತಾನೇ ಇದ್ದೆ. ಬಾಯಿಗೂ ಬಂದಿತ್ತು. ಆದ್ರೆ ಅದನ್ನ ಹೇಳ್ಬಿಟ್ರೆ ಆಯ್ತಲ್ಲ, ನೀನು ಅವರ ಮನೆಯೋಳು. ಹೇಳೋಗಂಟ ನಮ್ಮನೇಲೇ ಇರ್ತೀಯ. ಅದಕ್ಕೇ ಇನ್ನೊಂಚೂರು, ಇನ್ನೊಂಚೂರು ಅಂತ..." ಮಾತು ಅಲ್ಲಿಗೇ ನಿಂತಿತು.

ಹದಿನೈದು ದಿನ ಮಾತು ಬಿಟ್ಟಿದ್ದ ನಾನು ಅವನ ಭುಜಕ್ಕೆ ತಲೆ ಒರಗಿಸಿ ಕೂತೆ. ಮಹಬೂಬ್ ಮಾಮ ಕಣ್ಣು ಮುಚ್ಚಿಕೊಂಡೇ ಇದ್ದರು. ಆದರೆ ಅವರಿಗೆ ನಿದ್ದೆ ಬಂದಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು.

ಕಡೂರಿನಲ್ಲಿ ಅಂಗಡಿ ಮುಂದೆ, ಮನೆ ಅದರ ಹಿಂದೆ. ನಡುವೆ ಒಂದು ಬಾಗಿಲು. ನಮ್ಮನ್ನು ಕಂಡು ಬಸವರಾಜಪ್ಪ ಗ್ರೀಸ್ ಕೈಯಲ್ಲೇ ಎದ್ದು ನಿಂತ. ಮಹಬೂಬ್ ಮಾಮ ಆಂಪ್ಲಿಫೈಯರನ್ನು ಅವನ ಮುಂದೆ ಇಟ್ಟರು.

"ನಾನು ಪಂಪು ರಿಪೇರಿ ಮಾಡೋನು ಸಾಬ್ರೇ."

"ಗೊತ್ತು ಕಣಪ್ಪ. ಸುಮ್ನೆ ಬಿಚ್ಚಿ ನೋಡ್ತಿರು."

ಅವನು ನನ್ನ ಕಡೆ ನೋಡಿದ. ಆಮೇಲೆ ಏನೂ ಕೆಟ್ಟಿಲ್ಲದ ಆ ಮೆಷಿನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅಪ್ಪ ಜುಬ್ಬ ಸರಿಮಾಡಿಕೊಂಡು ಒಳಗೆ ಹೋದ. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು.

ಮಲ್ಲಿಕಾಂಬ ಅಕ್ಕಿ ಆರಿಸುತ್ತಿದ್ದರು. ಮೊರ ಪಕ್ಕಕ್ಕಿಟ್ಟರು. ಮುಖ ಬಿಗಿಯಾಗಿತ್ತು. ಆದರೂ ಮನೆಗೆ ಬಂದವರು ಅಂತ ಗೋಡೆಗೆ ಒರಗಿಸಿದ್ದ ಮಣೆ ತಂದು ಹಾಕಿ, "ಕೂತ್ಕಳಿ" ಅಂದರು.

ಅಪ್ಪ ಮಣೆ ನೋಡಿದ. ಕೂರಲಿಲ್ಲ.

"ಇಲ್ಲ ತಾಯಿ, ನಿಂತೇ ಹೇಳ್ತೀನಿ. ನಮ್ಮ ಹುಡ್ಗಿನ ನಿಮ್ಮನೆಗೆ ಕೊಡೋಕೆ ನಮಗೆ ಪೂರ್ತಿ ಒಪ್ಪಿಗೆ. ಅವಳಿಗೂ ಮನಸ್ಸದೆ. ಫೋನಿನ ಕೆಲಸ ಮಾತ್ರ ಬಿಡಿಸ್ಬ್ಯಾಡಿ." ಜೇಬಿನಿಂದ ಪೊಟ್ಟಣ ತೆಗೆದ. ಬಿಚ್ಚುವಾಗ ಒಂದಷ್ಟು ಸಕ್ಕರೆ ನೆಲಕ್ಕೆ ಚೆಲ್ಲಿತು.

ಪೀಠಿಕೆ ತೀರ್ಥಪ್ಪ ಅಷ್ಟು ಚಿಕ್ಕ ಮಾತು ಆಡಿದ್ದನ್ನು ಅಜ್ಜಂಪುರದಲ್ಲಿ ಹೇಳಿದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆ ಎರಡು ಮಾತು ಅವನಿಗೆ ಎಷ್ಟು ಭಾರ ಅಂತ ಆಗ ನನಗೆ ಗೊತ್ತಿತ್ತು.

"ಅಷ್ಟೇನಾ?" ಅಂದರು ಮಲ್ಲಿಕಾಂಬ.

"ಅಷ್ಟೇ ತಾಯಿ."

"ಇದನ್ನ ಅವತ್ತೇ ಹೇಳಕ್ಕೇನಾಗಿತ್ತು ನಿಮಗೆ? ನಾನು ನಿಮ್ಮ ಅಡುಗೆಮನೆ ಬಾಗಿಲು ನೋಡಿ ನೋಡಿ ಕತ್ತು ನೋವು ಬಂತು. ರೈಲಲ್ಲಿ ನನ್ನ ಮಗ ನೀರು ಸೈತ ಕುಡೀಲಿಲ್ಲ." ದನಿ ಬೈಯುತ್ತಿದ್ದಂತಿತ್ತು, ಆದರೆ ಬಿಗಿ ಹೋಗಿತ್ತು. "ಕೆಲಸ ಯಾಕೆ ಬಿಡಿಸ್ಲಿ? ಇವನು ಬೆಳಗಿಂದ ಸಂಜೆಗಂಟ ನಾಲ್ಕು ಮಾತಾಡಿದ್ರೆ ಹೆಚ್ಚು. ಮನೇಲಿ ಒಬ್ರಾದ್ರೂ ಮಾತಿನ ಕೆಲಸದೋರು ಇರ್ಲಿ." ಪೊಟ್ಟಣಕ್ಕೆ ಕೈ ಹಾಕಿ ಒಂದು ಚಿಟಿಕೆ ಸಕ್ಕರೆ ತಮ್ಮ ಬಾಯಿಗೆ ಹಾಕಿಕೊಂಡರು, ಇನ್ನೊಂದು ಚಿಟಿಕೆ ಅಪ್ಪನ ಕೈಗೆ ಹಾಕಿದರು.

ಅಂಗಡಿಯಲ್ಲಿ ಬಸವರಾಜಪ್ಪನ ಕೈಯಿಂದ ಸ್ಕ್ರೂ ಒಂದು ಕೆಳಗೆ ಬಿತ್ತು. ಅವನು ಅದನ್ನು 'ಹುಡುಕುತ್ತ' ನೆಲದ ಮೇಲೆ ಬಹಳ ಹೊತ್ತು ಕೂತಿದ್ದ. ಸ್ಕ್ರೂ ಅವನ ಕಾಲ ಹತ್ತಿರವೇ ಇತ್ತು, ನನಗೆ ಕಾಣುತ್ತಿತ್ತು.

ಒಳಗೆ ಮಲ್ಲಿಕಾಂಬ ಮಣೆಯನ್ನು ಅಪ್ಪನ ಕಡೆಗೆ ಸರಿಸಿದರು.

"ಈಗ ಕೂತ್ಕಳಿ. ಮೊದ್ಲು ನಂಗೊಂದು ಹೇಳಿ. ಅವತ್ತು ಸಂತೇಲಿ ಮಗು ಕಳ್ದೋಗಿತ್ತಲ್ಲ, ನೀವು ಕೆರೆ ಏರಿ ಮೇಲೆ ಓಡ್ತಾ ಇದ್ರಿ. ಅಲ್ಲಿಗೇ ನಮ್ಮ ರೈಲು ಬಂದ್ಬಿಡ್ತು. ಹದಿನೈದು ದಿನದಿಂದ ನಂಗದೇ ಕೊರೀತಾ ಅದೆ. ಮಗು ಸಿಕ್ತಾ?"

ಅಪ್ಪ ಅವರ ಮುಖವನ್ನೇ ನೋಡಿದ. ಅವನ ಜೀವಮಾನದಲ್ಲಿ ಮುಂದೆ ಹೇಳಿ ಅಂತ ಅವನನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಮೆಲ್ಲಗೆ ಮಣೆಯ ಮೇಲೆ ಕೂತ.

"ಸಿಕ್ತು ತಾಯಿ. ಅಂಗಡೀಲೇ ಇತ್ತು. ಹಗ್ಗದ ಸುರುಳಿಯೊಳಗೆ ಮಲಕ್ಕಂಡು ನಿದ್ದೆ ಹೋಗ್ಬಿಟ್ಟಿತ್ತು. ಊರೆಲ್ಲ ಹುಡುಕ್ದೆ, ನನ್ನ ಹಿಂದೆಗಡೇನೇ ಇತ್ತು ನೋಡಿ ಮಗು..." ಆಮೇಲೆ ಅವನಿಗೆ ಅಳು ಬಂತು. ಮಲ್ಲಿಕಾಂಬ ಒಳಗೆ ಹೋಗಿ ನೀರು ತಂದು ಕೊಟ್ಟು, "ಹೇಳಿ, ಹೇಳಿ, ಈಗ ಯಾವ ರೈಲೂ ಇಲ್ಲ" ಅಂದರು. ಅಪ್ಪ ನೀರು ಕುಡಿದು, ಮೂಗು ಒರೆಸಿಕೊಂಡು, ನನ್ನ ಐದನೇ ವರ್ಷಕ್ಕೆ ಬಂದ. ಅಂಗಡಿಯಲ್ಲಿ ಮಹಬೂಬ್ ಮಾಮ ಬಿಚ್ಚಿಟ್ಟಿದ್ದ ಆಂಪ್ಲಿಫೈಯರಿನ ತಿರುಗಣಿಯನ್ನು ಸುಮ್ಮನೆ ಬಲಕ್ಕೆ ತಿರುಗಿಸಿದರು, ಸದ್ದು ಜಾಸ್ತಿ ಮಾಡುವವರ ಹಾಗೆ.

ಅವತ್ತು ಬಿಚ್ಚಿದ ಆಂಪ್ಲಿಫೈಯರ್ ಮತ್ತೆ ಸರಿಹೋಗಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ನಮ್ಮ ಮದುವೆಗೆ ಮಹಬೂಬ್ ಮಾಮ ಬೇರೆ ಮೈಕ್‌ಸೆಟ್ ತಂದು ಹಾಕಿದರು. ಅಳಿಯನನ್ನು ಕಂಡಾಗಲೆಲ್ಲ, "ಪಂಪು ರಿಪೇರಿ ಮಾಡೋನೇ, ನನ್ ಮೆಷಿನ್ ಎಲ್ಲೋ?" ಅಂತ ಕೇಳುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಮದುವೆಯಾಗಿ ಕೆಲವು ತಿಂಗಳಿಗೆ ನನ್ನನ್ನು ಕಡೂರಿನ ಎಕ್ಸ್‌ಚೇಂಜಿಗೆ ಹಾಕಿದರು. ಹೊಸ ಬೋರ್ಡಿನ ಮುಂದೆ ಕೂತ ಮೊದಲ ವಾರವೇ ಅಜ್ಜಂಪುರದಿಂದ ನನ್ನ ಹೆಸರಿಗೇ ಒಂದು ಕರೆ ಬಂತು. ಬುಕ್ ಮಾಡಿದವರ ಹೆಸರು ಕೇಳಿದರೆ ತೀರ್ಥಪ್ಪ. ನಾನು ತಲೆಗೆ ಹಾಕಿದ್ದ ಹೆಡ್‌ಸೆಟ್ಟನ್ನು ಎರಡು ಕೈಯಲ್ಲೂ ಒತ್ತಿ ಹಿಡಿದೆ.

"ಹಲೋ, ಪಂಕಜಾಕ್ಷೀ, ಕೇಳಿಸ್ತೇನೇ? ಇಲ್ಲಿ ನಿನ್ನೆ ಒಂದು ಹದ ಮಳೆ ಆಯ್ತು. ಅಮೃತಮಹಲ್ ಕಾವಲ ಕಡೆ ಚೆನ್ನಾಗಿ ಬಿತ್ತಂತೆ. ನಿಮ್ಮಮ್ಮ ಹಪ್ಪಳ ಒಳಗೆ ಎತ್ತಿಡೋಷ್ಟರಲ್ಲಿ..." ಮಳೆಯಿಂದ ಹಪ್ಪಳ, ಹಪ್ಪಳದಿಂದ ಉದ್ದಿನ ಬೇಳೆ, ಬೇಳೆಯಿಂದ ಸಂತೆ. ಮೂರು ನಿಮಿಷ ಆಗುತ್ತ ಬಂತು.

"ಅಪ್ಪಾ, ವಿಷಯ ಏನು?" ಅಂತ ಕೇಳಿದೆ.

"ವಿಷಯ ಏನೂ ಇಲ್ಲ ಕಣೇ" ಅಂದ.

ಗಡಿಯಾರದ ಮುಳ್ಳು ಮೂರನ್ನು ದಾಟಿತು. ದಿನಕ್ಕೆ ನೂರು ಸಲ ಆಡುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಚೀಟಿಯಲ್ಲಿ ಎಕ್ಸ್‌ಟೆಂಡ್ ಅಂತ ಬರೆದುಕೊಂಡು, "ಸಂತೇಲಿ ಆಮೇಲೆ ಏನಾಯ್ತಪ್ಪಾ? ಹೇಳು" ಅಂದೆ.